ಮಾಳಿಗೆ ಮೇಲಿನ 5 ಕಿಲೋವ್ಯಾಟ್‌ಗೆ ಇಷ್ಟೊಂದು ನಿಯಮ ಯಾಕೆ?

ಮಾಳಿಗೆಬಿಸಿಲು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಮಾಳಿಗೆ ಮೇಲೆ 5 ಕಿಲೋವ್ಯಾಟ್ ಸೋಲಾರ್ ಹಾಕಿಸಿ ಎರಡು ವರ್ಷವಾಯಿತು. ಬ್ಯಾಟರಿ ಇಲ್ಲ, ನೇರವಾಗಿ ಗ್ರಿಡ್‌ಗೆ, ಅಂದರೆ ಕರೆಂಟ್ ಕಂಪನಿಯ ತಂತಿಗೆ ಸೇರಿಸಿದ್ದು. ಪ್ಯಾನೆಲ್ ಕೂರಿಸುವ ಕೆಲಸ ಮೂರು ದಿನದಲ್ಲಿ ಮುಗಿಯಿತು. ಅದನ್ನು ಚಾಲೂ ಮಾಡುವ ಅನುಮತಿಗೆ ಏಳು ತಿಂಗಳು ಹಿಡಿಯಿತು. ಏಳು ತಿಂಗಳು ಪ್ಯಾನೆಲ್‌ಗಳು ಸುಮ್ನೆ ಬಿಸಿಲು ಕಾಯಿಸಿಕೊಂಡು ಮಲಗಿದ್ದವು.

ಮೊನ್ನೆ ಮಧ್ಯಾಹ್ನ ಹನ್ನೆರಡೂವರೆಗೆ ಕರೆಂಟ್ ಹೋಯಿತು. ಸೂರ್ಯ ನೆತ್ತಿಯ ಮೇಲಿದ್ದ. ಆದರೂ ನಮ್ಮ ಫ್ಯಾನ್ ನಿಂತುಹೋಯಿತು, ಇನ್ವರ್ಟರ್ (ಪ್ಯಾನೆಲ್ ಕರೆಂಟನ್ನು ಮನೆಗೆ ಒಗ್ಗಿಸುವ ಡಬ್ಬಿ) ಮೇಲೆ ಕೆಂಪು ದೀಪ. "ಇಷ್ಟು ದುಡ್ಡು ಸುರಿದದ್ದು ಇದಕ್ಕೇನಾ?" ಅಂತ ಅಮ್ಮ ಕೇಳಿದರು. ಏನು ಹೇಳಲಿ? ಹಾಕಿಸಿದವರಿಗೆ ಫೋನ್ ಮಾಡಿದರೆ "ನಿಯಮ ಹಾಗಿದೆ ಸರ್" ಅಂದರು. ಇದಲ್ಲದೆ, ಕರೆಂಟ್ ಇದ್ದಾಗಲೂ ಕೆಲವು ದಿನ ಇನ್ವರ್ಟರ್ ತಾನಾಗಿಯೇ ನಿಂತು ಮತ್ತೆ ಶುರುವಾಗುತ್ತದೆ. ಅದೂ ಒಳ್ಳೇ ಬಿಸಿಲಿರುವ ದಿನವೇ! ಮೋಡ ಇರುವ ದಿನ ಸರಿಯಾಗಿ ಓಡುತ್ತದೆ.

ಬಿಲ್ಲಿನ ಕಥೆ ಬೇರೆ. ನಾನು ಗ್ರಿಡ್‌ಗೆ ಕೊಡುವ ಒಂದು ಯೂನಿಟ್‌ಗೆ ಸಿಗುವುದು, ನಾನು ಕೊಳ್ಳುವ ಯೂನಿಟ್ ಬೆಲೆಯ ಮೂರನೇ ಒಂದು ಪಾಲು. ನಾನು ಕೊಟ್ಟ ಕರೆಂಟನ್ನು ಪಕ್ಕದ ಮನೆಗೆ ಪೂರ್ತಿ ಬೆಲೆಗೆ ಮಾರುತ್ತಾರೆ. ತಂತಿಯಲ್ಲಿ ಅದು ಹೋಗುವ ದೂರ ಇಪ್ಪತ್ತು ಅಡಿ.

ದೊಡ್ಡ ವಿದ್ಯುತ್ ಸ್ಥಾವರಗಳ ಮೇಲೆ ಸರ್ಕಾರ ಕಣ್ಣಿಡುವುದು ಅರ್ಥವಾಗುತ್ತದೆ. ನಮ್ಮಂಥ ಚಿಲ್ಲರೆ ಜನರ ಮೇಲೂ ವಿದ್ಯುತ್ ನಿಯಂತ್ರಣ ಆಯೋಗ, ಅದು ಹಾಕುವ ದರ, ಒಪ್ಪಂದ, ಪರೀಕ್ಷೆ ಎಲ್ಲ ಯಾಕೆ? ಬೆಳೆದದ್ದನ್ನು ಕೇಳಿದವರಿಗೆ ಮಾರಿದರೆ ಆಗದೇ?

---

ಹಳೇಫೀಡರ್:

ನಾನು 26 ವರ್ಷ ಒಂದು ವಿದ್ಯುತ್ ಸರಬರಾಜು ಕಂಪನಿಯಲ್ಲಿದ್ದೆ. ಕೊನೆಯ ಹನ್ನೊಂದು ವರ್ಷ ನಿಮ್ಮಂಥವರ ಅರ್ಜಿಗಳ ಮೇಲೆ ಕೂತಿದ್ದೆ. ಯಾವ ಅರ್ಥದಲ್ಲಿ ಬೇಕಾದರೂ ಓದಿಕೊಳ್ಳಿ.

ಮೊದಲು ಅಮ್ಮನ ಪ್ರಶ್ನೆಗೆ ಉತ್ತರ. ಲೈನ್ ಕೆಟ್ಟಿದೆ ಅಂದುಕೊಳ್ಳಿ. ಲೈನ್‌ಮನ್ ಹಿಂದಿನ ಸ್ವಿಚ್ ತೆಗೆದು, ಲೈನ್ ಸತ್ತಿದೆ ಅಂದುಕೊಂಡು ಕಂಬ ಹತ್ತುತ್ತಾನೆ. ಆಗ ನಿಮ್ಮ ಮನೆಯಿಂದ ಕರೆಂಟ್ ಹೊರಗೆ ಹರಿಯುತ್ತಿದ್ದರೆ? ಟ್ರಾನ್ಸ್‌ಫಾರ್ಮರ್‌ಗೆ ಮುಂದು ಹಿಂದು ಗೊತ್ತಿಲ್ಲ. ಮೇಲಿನಿಂದ ಬಂದ 11 ಸಾವಿರ ವೋಲ್ಟನ್ನು ಮನೆಗೆ ಬೇಕಾದಷ್ಟಕ್ಕೆ ಇಳಿಸುವ ಅದೇ ಡಬ್ಬಿ, ನಿಮ್ಮ ಮನೆಯಿಂದ ಹೋದದ್ದನ್ನು 11 ಸಾವಿರಕ್ಕೆ ಏರಿಸುತ್ತದೆ. ಕಂಬದ ಮೇಲಿರುವವನ ಕೈ ಆ ತಂತಿಯ ಮೇಲಿರುತ್ತದೆ. ಅವನು ಲೈನ್ ಪರೀಕ್ಷಿಸಿ, ಭೂಮಿಗೆ ಜೋಡಿಸಿ ಆಮೇಲೆ ಮುಟ್ಟಬೇಕು, ನಿಜ. ಆದರೆ ಮಳೆಯಲ್ಲಿ, ಕತ್ತಲಲ್ಲಿ, ಕೆಳಗೆ ಹತ್ತು ಜನ "ಬೇಗ ಹಾಕಪ್ಪಾ" ಅಂತ ಕೂಗುವಾಗ ಎಲ್ಲರೂ ಎಲ್ಲವನ್ನೂ ಮಾಡುವುದಿಲ್ಲ. ಅದಕ್ಕೇ ಗ್ರಿಡ್ ಸತ್ತರೆ ಇನ್ವರ್ಟರ್ ತಾನೂ ಸಾಯಬೇಕು. 2003ರಲ್ಲಿ ಬಂದ ಐಇಇಇ (ಎಂಜಿನಿಯರುಗಳ ಸಂಘ) 1547 ಎಂಬ ಮಾನದಂಡ ಇದಕ್ಕೆ ಕೊಟ್ಟ ಗಡುವು 2 ಸೆಕೆಂಡ್. ಕರೆಂಟ್ ಹೋದಾಗಲೂ ಫ್ಯಾನ್ ತಿರುಗಬೇಕಾದರೆ ಬ್ಯಾಟರಿ ಬೇಕು, ಜೊತೆಗೆ ಮನೆಯನ್ನು ಗ್ರಿಡ್‌ನಿಂದ ಪೂರ್ತಿ ಬೇರೆ ಮಾಡುವ ಸ್ವಿಚ್ಚೂ ಬೇಕು. ಅದನ್ನು ನಿಯಮ ತಡೆಯುವುದಿಲ್ಲ. ನಿಮಗೆ ಹಾಕಿಸಿದವರು ಹೇಳಲಿಲ್ಲ, ಅಷ್ಟೇ.

ಬಿಸಿಲು ಜಾಸ್ತಿ ಇದ್ದಾಗ ನಿಲ್ಲುವುದು ಬೇರೆ ವಿಷಯ. ನಿಮ್ಮ ಮನೆ ಲೈನಿನ ಕೊನೆಯಲ್ಲಿದೆ ಅಂತ ನನ್ನ ಊಹೆ. ಕರೆಂಟನ್ನು ಹಿಂದಕ್ಕೆ ತಳ್ಳಬೇಕಾದರೆ ನಿಮ್ಮ ಕಡೆ ವೋಲ್ಟೇಜ್ ಸ್ವಲ್ಪ ಮೇಲಿರಬೇಕು. ಉದ್ದದ ಸಣ್ಣ ತಂತಿ, ಬೀದಿಯಲ್ಲಿ ಇನ್ನೂ ನಾಲ್ಕು ಮನೆಯ ಸೋಲಾರ್, ಮಧ್ಯಾಹ್ನ ಬಳಸುವವರು ಕಡಿಮೆ. ವೋಲ್ಟೇಜ್ ಏರಿ ಏರಿ ಮಿತಿ ದಾಟುತ್ತದೆ, ಇನ್ವರ್ಟರ್ ನಿಲ್ಲುತ್ತದೆ. ನಿಮ್ಮ ಪ್ಯಾನೆಲ್‌ನಲ್ಲಿ ದೋಷ ಇಲ್ಲ. ವೋಲ್ಟೇಜ್ ಎಷ್ಟಿತ್ತು ಅಂತ ಇನ್ವರ್ಟರ್ ಬರೆದಿಟ್ಟುಕೊಂಡಿರುತ್ತದೆ. ಅದನ್ನು ತೆಗೆಸಿ, ದೂರಿನ ಜೊತೆ ಕೊಡಿ. ಟ್ರಾನ್ಸ್‌ಫಾರ್ಮರ್‌ನ ಟ್ಯಾಪ್ (ಹೊರಬರುವ ವೋಲ್ಟೇಜ್ ಹೊಂದಿಸುವ ಕೀಲಿ) ಒಂದು ಮೆಟ್ಟಿಲು ಇಳಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ.

"ಚಿಲ್ಲರೆ ಜನ" ಅಂದಿರಿ. ಜರ್ಮನಿಯವರೂ ಹಾಗೇ ಅಂದುಕೊಂಡಿದ್ದರು. ಗ್ರಿಡ್‌ನ ಆವರ್ತನ (ಕರೆಂಟಿನ ಮಿಡಿತ, ಮಾಮೂಲಿಗೆ ಸೆಕೆಂಡಿಗೆ 50; ಬಳಕೆಗಿಂತ ಉತ್ಪಾದನೆ ಜಾಸ್ತಿಯಾದರೆ ಏರುತ್ತದೆ) 50.2 ಹರ್ಟ್ಜ್ ದಾಟಿದರೆ ಸೋಲಾರ್ ಕೂಡಲೇ ಗ್ರಿಡ್ ಬಿಟ್ಟುಕೊಳ್ಳಬೇಕು ಅಂತ ಅಲ್ಲಿ ಮೊದಲು ನಿಯಮ ಇತ್ತು. ಮಾಳಿಗೆಗಳು ಕೆಲವೇ ಇದ್ದಾಗ ಅದು ಜಾಣತನದ ನಿಯಮ. ಮಾಳಿಗೆಗಳು ಲಕ್ಷಗಟ್ಟಲೆ ಆದಾಗ ಅದೇ ನಿಯಮ ಬಾಂಬ್ ಆಯಿತು. ಆವರ್ತನ ಒಮ್ಮೆ 50.2 ಮುಟ್ಟಿದರೆ ದೇಶದ ಸೋಲಾರ್ ಎಲ್ಲ ಒಂದೇ ಕ್ಷಣದಲ್ಲಿ ಮಾಯ. ಇಡೀ ಯುರೋಪಿನ ಗ್ರಿಡ್ ಇಂಥ ಹೊಡೆತಕ್ಕೆ ಇಟ್ಟುಕೊಂಡ ಮೀಸಲು ಸುಮಾರು 3,000 ಮೆಗಾವ್ಯಾಟ್. ಹೋಗಬಹುದಾಗಿದ್ದದ್ದು ಅದಕ್ಕಿಂತ ಎಷ್ಟೋ ಜಾಸ್ತಿ. 2012ರಲ್ಲಿ ಕಾನೂನು ಮಾಡಿ ಮೂರು ಲಕ್ಷಕ್ಕೂ ಹೆಚ್ಚು ಘಟಕಗಳ ಇನ್ವರ್ಟರ್‌ಗಳನ್ನು ಒಂದೊಂದಾಗಿ ತಿದ್ದಬೇಕಾಯಿತು. ಒಂದೇ ಸಲಕ್ಕೆ ಎಲ್ಲ ನಿಲ್ಲಬಾರದು, ಆವರ್ತನ ಏರಿದ ಹಾಗೆ ನಿಧಾನಕ್ಕೆ ಇಳಿಸಬೇಕು ಅಂತ.

ಏಳು ತಿಂಗಳಿನ ವಿಷಯದಲ್ಲಿ ಮಾತ್ರ ನನ್ನ ಹತ್ತಿರ ಸಮರ್ಥನೆ ಇಲ್ಲ. ಒಂದು ನಡೆದದ್ದು ಹೇಳುತ್ತೇನೆ. 3 ಕಿಲೋವ್ಯಾಟ್‌ನ ಒಂದು ಅರ್ಜಿಯಲ್ಲಿ ಟ್ರಾನ್ಸ್‌ಫಾರ್ಮರ್ ಸಂಖ್ಯೆಯ ಒಂದು ಅಂಕೆ ತಪ್ಪಿತ್ತು. ಫೋನ್ ಮಾಡಿ ಕೇಳಿದ್ದರೆ ಎರಡು ನಿಮಿಷದ ಕೆಲಸ. ಫೈಲು ನಾಲ್ಕು ತಿಂಗಳು ನನ್ನ ಮೇಜಿನ ಮೇಲಿತ್ತು. ಯಾಕೆ ಅಂದರೆ ಬೇಗ ಮುಗಿಸು ಅಂತ ನನಗೆ ಯಾರೂ ಹೇಳಲಿಲ್ಲ. ನಿಜ ಹೇಳಬೇಕೆಂದರೆ, ಬೇಗ ಮುಗಿಯುವುದು ಮೇಲಿನವರಿಗೆ ಬೇಕೂ ಇರಲಿಲ್ಲ. ಪ್ರತಿ ಮಾಳಿಗೆಯೂ ಕಂಪನಿಗೆ ಒಂದು ಕರಗುವ ಬಿಲ್ಲು. ನಿಮ್ಮ ಅರ್ಜಿ ನೋಡುವವನೂ ನಿಮ್ಮಿಂದ ನಷ್ಟ ಪಡುವವನೂ ಒಬ್ಬನೇ. ಅದಕ್ಕೇ ಹೊರಗಿನವರೊಬ್ಬರು ಗಡುವು ಹಾಕಬೇಕು. ಅಮೆರಿಕದಲ್ಲಿ 2005ರಲ್ಲಿ ಕೇಂದ್ರದ ಆಯೋಗ ಸಣ್ಣ ಉತ್ಪಾದಕರಿಗೆ ಪ್ರತ್ಯೇಕ ನಿಯಮ ತಂದು, ಪ್ರಮಾಣೀಕೃತ ಇನ್ವರ್ಟರ್ ಇರುವ 10 ಕಿಲೋವ್ಯಾಟ್ ಒಳಗಿನವರಿಗೆ ಸರಳ ದಾರಿ ಬಿಟ್ಟಿತು. ಭಾರತದಲ್ಲಿ 2024ರ ತಿದ್ದುಪಡಿ ಇನ್ನೂ ಮುಂದೆ ಹೋಯಿತು. 10 ಕಿಲೋವ್ಯಾಟ್‌ವರೆಗಿನ ಮಾಳಿಗೆ ಸೋಲಾರ್‌ಗೆ ತಾಂತ್ರಿಕ ಅಧ್ಯಯನವೇ ಬೇಡ, ಅರ್ಜಿ ಒಪ್ಪಿದಂತೆಯೇ ಲೆಕ್ಕ.

ದರದ ವಿಷಯ ರಾತ್ರಿ ಬರೆಯುತ್ತೇನೆ. ಅದು ದೊಡ್ಡ ರಾಮಾಯಣ.

---

ಬಾಡಿಗೆಮನೆಯವ:

ಮಾಳಿಗೆಬಿಸಿಲು ಅವರೇ, ಸಿಟ್ಟಾಗಬೇಡಿ. ನನಗೆ ಮಾಳಿಗೆ ಇಲ್ಲ, ಎರಡನೇ ಮಹಡಿಯಲ್ಲಿ ಬಾಡಿಗೆಗೆ ಇದ್ದೇನೆ. ನಿಮ್ಮ "ಪಕ್ಕದ ಮನೆ" ನಾನೇ ಅಂದುಕೊಳ್ಳಿ.

ಕರೆಂಟ್ ಇಪ್ಪತ್ತು ಅಡಿ ಬರುತ್ತದೆ, ಸರಿ. ರಾತ್ರಿ ಎಂಟಕ್ಕೆ ನಿಮ್ಮ ಫ್ಯಾನ್ ತಿರುಗಿಸುವುದು ಯಾರು? ನಿಮ್ಮ ಪ್ಯಾನೆಲ್ ಮಲಗಿರುತ್ತದೆ. ಆ ಹೊತ್ತಿಗೆ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್, ಎಲ್ಲೋ ಉರಿಯುತ್ತಿರುವ ಕಲ್ಲಿದ್ದಲು ಎಲ್ಲವೂ ನಿಮಗಾಗಿ ಸಿದ್ಧ ಇರಬೇಕು. ನಾನು ಕೊಡುವ ಯೂನಿಟ್ ದರದಲ್ಲಿ ಆ ಖರ್ಚೂ ಸೇರಿದೆ. ನಿಮಗೆ ಕೊಟ್ಟದ್ದಕ್ಕೂ ಕೊಂಡದ್ದಕ್ಕೂ ಒಂದೇ ಬೆಲೆ ಹಾಕಿದರೆ ನಿಮ್ಮ ಬಿಲ್ಲು ಸೊನ್ನೆ. ತಂತಿಯ ಖರ್ಚು ಸೊನ್ನೆ ಆಗುವುದಿಲ್ಲವಲ್ಲ. ಅದು ನನ್ನ ಬಿಲ್ಲಿಗೆ ಬರುತ್ತದೆ. ಮಾಳಿಗೆ ಇದ್ದವರ ತಂತಿ ಬಾಡಿಗೆಯನ್ನು ಮಾಳಿಗೆ ಇಲ್ಲದವರು ಕಟ್ಟುವುದು ಯಾವ ನ್ಯಾಯ?

ಆಯೋಗ ಇರಬೇಕಾದ್ದು ನನ್ನಂಥವರಿಗೂ ಹೌದು.

---

ಮಾಳಿಗೆಬಿಸಿಲು:

ಹಳೇಫೀಡರ್ ಸರ್, ಲೈನ್‌ಮನ್ ವಿಷಯ ಅಮ್ಮನಿಗೆ ಹೇಳಿದೆ. "ಹಾಗಾದರೆ ಫ್ಯಾನ್ ನಿಲ್ಲಲಿ ಬಿಡು" ಅಂದರು. ಆ ವಿಷಯ ಮುಗಿಯಿತು. ಮನೆ ಲೈನಿನ ಕೊನೆಯಲ್ಲೇ ಇದೆ, ನಿಮಗೆ ಹೇಗೆ ಗೊತ್ತಾಯಿತೋ!

ಬಾಡಿಗೆಮನೆಯವರೇ, ನಿಮ್ಮ ಮಾತು ಒಪ್ಪುತ್ತೇನೆ, ಪೂರ್ತಿ ಅಲ್ಲ. ಪೂರ್ತಿ ಬೆಲೆ ಬೇಡ. ಮೂರನೇ ಒಂದು ಪಾಲು ಮಾತ್ರ ಸರಿ ಅಂತ ಲೆಕ್ಕ ಹಾಕಿದವರು ಯಾರು, ಹೇಗೆ?

---

ಹಳೇಫೀಡರ್:

ಸರಿಯಾದ ಜಾಗಕ್ಕೆ ಬಂದಿರಿ. ಎಲ್ಲ ಜಗಳ ಇರುವುದು ಆ "ಹೇಗೆ"ಯಲ್ಲೇ.

ಇದರ ಬೇರು 1978ರಲ್ಲಿದೆ. ತೈಲದ ಬಿಕ್ಕಟ್ಟಿನ ಕಾಲ. ಅಮೆರಿಕದಲ್ಲಿ ಪರ್ಪಾ ಎಂಬ ಕಾನೂನು ಬಂತು. ಅಲ್ಲಿಯವರೆಗೆ ಕರೆಂಟ್ ಮಾಡುವವರೂ ಮಾರುವವರೂ ಅವೇ ದೊಡ್ಡ ಕಂಪನಿಗಳು. ಸಣ್ಣವನು ತೊರೆಗೆ ಟರ್ಬೈನ್ ಹಾಕಿ "ಕೊಳ್ಳಿ" ಅಂದರೆ "ಬೇಡ" ಅನ್ನುತ್ತಿದ್ದರು, ಮುಗಿಯಿತು. ಪರ್ಪಾ ಹೇಳಿದ್ದು: 80 ಮೆಗಾವ್ಯಾಟ್‌ವರೆಗಿನ ಅರ್ಹ ಸಣ್ಣ ಉತ್ಪಾದಕರಿಂದ ಕೊಳ್ಳಲೇಬೇಕು. ಬೆಲೆ? ಆ ಯೂನಿಟ್ಟನ್ನು ತಾನೇ ಮಾಡಿದ್ದರೆ ಅಥವಾ ಬೇರೆಯವರಿಂದ ಕೊಂಡಿದ್ದರೆ ಕಂಪನಿಗೆ ಎಷ್ಟು ಖರ್ಚಾಗುತ್ತಿತ್ತೋ, ಅದನ್ನು ಮೀರಬಾರದು. ಅವಾಯ್ಡೆಡ್ ಕಾಸ್ಟ್ ಅನ್ನುತ್ತಾರೆ. ಕಂಪನಿಗೆ ಉಳಿದ ಖರ್ಚು. ನಿಮ್ಮ ಮೂರನೇ ಒಂದು ಪಾಲು ಇದೇ ವಂಶದ್ದು.

ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಆಗದೇ ಹೋದ ಖರ್ಚನ್ನು ಅಳೆಯುವುದು ಹೇಗೆ? ಕೇಂದ್ರ ಚೌಕಟ್ಟು ಹಾಕಿ, ಲೆಕ್ಕವನ್ನು ರಾಜ್ಯಗಳ ಆಯೋಗಕ್ಕೆ ಬಿಟ್ಟಿತು. ಇದಕ್ಕೂ ಒಂದು ಕೇಸ್ ಆಗಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 1982ರಲ್ಲಿ ಕಾನೂನು ಉಳಿಯಿತು, 5ಕ್ಕೆ 4 ಮತಗಳಿಂದ. ಆಮೇಲೆ ರಾಜ್ಯಕ್ಕೊಂದು ಲೆಕ್ಕ. ನ್ಯೂಯಾರ್ಕ್ ಲೆಕ್ಕವೇ ಬೇಡ ಅಂತ ಯೂನಿಟ್‌ಗೆ ಕನಿಷ್ಠ 6 ಸೆಂಟ್ ಅಂದುಬಿಟ್ಟಿತು. ಕ್ಯಾಲಿಫೋರ್ನಿಯಾ 1983ರಲ್ಲಿ ಒಂದು ಸಿದ್ಧ ಒಪ್ಪಂದ ತಂದಿತು. ತೈಲ ಇನ್ನೂ ತುಟ್ಟಿಯಾಗುತ್ತದೆ ಅಂತ ಲೆಕ್ಕ ಹಾಕಿ, ಮುಂದಿನ ಹತ್ತು ವರ್ಷದವರೆಗಿನ ದರವನ್ನು ಅವತ್ತೇ ಬರೆದುಕೊಟ್ಟಿತು. ಗಾಳಿಯಂತ್ರದವರು ಮುಗಿಬಿದ್ದರು. ಎರಡೇ ವರ್ಷಕ್ಕೆ, 1985ರಲ್ಲಿ, ಸಾಕು ಅಂತ ಬಾಗಿಲು ಹಾಕಬೇಕಾಯಿತು. ಮರುವರ್ಷ ತೈಲದ ಬೆಲೆ ಕುಸಿಯಿತು. ಬರೆದುಕೊಟ್ಟ ದರ ಹಾಗೇ ಉಳಿಯಿತು. ಗ್ರಾಹಕರು ಕಟ್ಟಿದರು. ಬಾಡಿಗೆಮನೆಯವರೇ, ನಿಮ್ಮ ವಾದದ ಅಜ್ಜ ಹುಟ್ಟಿದ್ದು ಅಲ್ಲೇ.

ಆದರೆ ನಾನು ಆ ಒಪ್ಪಂದವನ್ನು ಬೈಯುವುದಿಲ್ಲ. ಊಹೆ ತಪ್ಪಿತ್ತು, ನಿಜ. ಮಾತು ಮಾತ್ರ ಮುರಿಯಲಿಲ್ಲ. ಕ್ಯಾಲಿಫೋರ್ನಿಯಾದ ಆಲ್ಟಮಾಂಟ್ ಕಣಿವೆಯ ಗಾಳಿಯಂತ್ರಗಳ ಸಾಲು ಬೆಳೆದದ್ದು ಆ ಮಾತಿನ ಮೇಲೆ.

ಜರ್ಮನಿ ಬೇರೆ ದಾರಿ ಹಿಡಿಯಿತು. ಹಸಿರು ಪಕ್ಷದ ವೋಲ್ಫ್‌ಗಾಂಗ್ ಡೇನಿಯಲ್ಸ್ ಮತ್ತು ಬವೇರಿಯಾದ ಸಣ್ಣ ಜಲವಿದ್ಯುತ್‌ನವರ ಪರವಾಗಿದ್ದ ಸಂಪ್ರದಾಯವಾದಿ ಮತಿಯಾಸ್ ಎಂಗಲ್ಸ್‌ಬರ್ಗರ್. ಇಂಥ ಜೋಡಿ ಒಟ್ಟಿಗೆ ಕೂತು ಕಾನೂನಿನ ಕರಡು ಮಾಡಿತು ಅಂದರೆ ನಂಬುವುದು ಕಷ್ಟ, ಅಲ್ವಾ? 1991ರಿಂದ ಅದು ಜಾರಿಗೆ ಬಂತು. ಉಳಿದ ಖರ್ಚಿನ ಲೆಕ್ಕ ಇಲ್ಲ. ಗಾಳಿ, ಬಿಸಿಲಿನ ಕರೆಂಟ್‌ಗೆ ಗ್ರಾಹಕರು ಕೊಡುವ ಸರಾಸರಿ ಬೆಲೆಯಲ್ಲಿ ನೂರಕ್ಕೆ 90 ಪಾಲು ಕೊಡಿ, ಅಷ್ಟೇ. 2000ದಲ್ಲಿ ಅದನ್ನು ಬದಲಿಸಿ, ಘಟಕ ಕಟ್ಟುವ ಖರ್ಚನ್ನು ನೋಡಿ ದರ ಹಾಕಿ, 20 ವರ್ಷ ಬದಲಾಯಿಸುವುದಿಲ್ಲ ಅಂದರು. ಹೊಸಬರಿಗೆ ದರ ವರ್ಷ ವರ್ಷ ಇಳಿಯಿತು. ಹಳಬರದನ್ನು ಮುಟ್ಟಲಿಲ್ಲ. ಹಳ್ಳಿಯ ಬ್ಯಾಂಕೂ ಧೈರ್ಯವಾಗಿ ಸಾಲ ಕೊಡುವ ಹಾಗಾಯಿತು.

ಈಗ ಸ್ಪೇನ್ ನೋಡಿ. 2007ರಲ್ಲಿ ಧಾರಾಳವಾದ ದರ ಘೋಷಿಸಿದರು. ರೈತರು, ಮೇಷ್ಟ್ರುಗಳು, ನಿವೃತ್ತರು ಸಾಲ ಮಾಡಿ ಹೊಲಗಳಲ್ಲಿ ಪ್ಯಾನೆಲ್ ನೆಟ್ಟರು. ಭಾರ ಹೊರಲಾಗದಷ್ಟಾಯಿತು. 2010ರ ಕೊನೆಗೆ, ಆಗಲೇ ನಡೆಯುತ್ತಿದ್ದ ಘಟಕಗಳಿಗೂ, ವರ್ಷಕ್ಕೆ ಇಷ್ಟು ಗಂಟೆಗೆ ಮಾತ್ರ ದರ ಅಂತ ಕತ್ತರಿ. 2013ರಲ್ಲಿ ಹಳೇ ದರವನ್ನೇ ತೆಗೆದುಹಾಕಿದರು. ಹೊರದೇಶದ ಹೂಡಿಕೆದಾರರು ಅಂತಾರಾಷ್ಟ್ರೀಯ ಒಪ್ಪಂದ ಹಿಡಿದು ಅಂತಾರಾಷ್ಟ್ರೀಯ ಪಂಚಾಯ್ತಿ ಮಂಡಳಿಗಳಿಗೆ ಹೋದರು, ಹಲವರು ಗೆದ್ದರು. ಸ್ಪೇನಿನ ಮೇಷ್ಟ್ರಿಗೆ ಆ ದಾರಿ ಇರಲಿಲ್ಲ. ತನ್ನದೇ ದೇಶದಲ್ಲಿ ಅವನು ಪರದೇಶಿಗಿಂತ ಕಡೆಯಾದ. ನನಗೆ ಈ ಇಡೀ ಇತಿಹಾಸದಲ್ಲಿ ಹೊಟ್ಟೆ ಉರಿಸುವುದು ಇದೇ.

ಹನ್ನೊಂದು ವರ್ಷ ಅರ್ಜಿ ನೋಡಿದ ಮೇಲೆ ನನಗನ್ನಿಸಿದ್ದು ಹೇಳುತ್ತೇನೆ. ಕಡಿಮೆ ದರ ಗೊತ್ತಿದ್ದರೆ ಸಣ್ಣವನು 5ರ ಬದಲು 2 ಕಿಲೋವ್ಯಾಟ್ ಹಾಕುತ್ತಾನೆ, ಬಟ್ಟೆ ಒಗೆಯುವ ಮಷಿನ್ ಮಧ್ಯಾಹ್ನ ಓಡಿಸುತ್ತಾನೆ, ಹೇಗೋ ಹೊಂದಿಸುತ್ತಾನೆ. ಹಾಕಿಸಿ ಆದ ಮೇಲೆ ದರ ಬದಲಾದರೆ ಅವನ ಹತ್ತಿರ ಮಾಡುವುದಕ್ಕೆ ಏನೂ ಇಲ್ಲ. ಪ್ಯಾನೆಲ್ ಬಿಚ್ಚಿಕೊಂಡು ಹೋಗುವ ಹಾಗಿಲ್ಲ. ಆಯೋಗದಿಂದ ನಾನು ಕೇಳುವುದು ಎರಡೇ. ಅರ್ಜಿಗೆ ಗಡುವು ಹಾಕಲಿ. ಹೊಸ ನಿಯಮ ಹೊಸಬರಿಗೆ ಮಾತ್ರ ಅನ್ನಲಿ. ದರ ಎಷ್ಟು ಅನ್ನುವುದು ನನ್ನ ಮಟ್ಟಿಗೆ ಮೂರನೇ ಪ್ರಶ್ನೆ.

ಇದು ಆಗದ ಮಾತಲ್ಲ. ಕ್ಯಾಲಿಫೋರ್ನಿಯಾ 2023ರ ಏಪ್ರಿಲ್‌ನಿಂದ ಹೊಸ ಮಾಳಿಗೆಗಳಿಗೆ ಗ್ರಿಡ್‌ಗೆ ಕೊಟ್ಟ ಯೂನಿಟ್ ಬೆಲೆಯನ್ನು ಸುಮಾರು ಮುಕ್ಕಾಲು ಪಾಲು ಇಳಿಸಿತು. ಹಳಬರಿಗೆ ಅವರವರ 20 ವರ್ಷ ಮುಗಿಯುವವರೆಗೆ ಹಳೇ ಲೆಕ್ಕವೇ. ಪಕ್ಕದ ನೆವಾಡಾ 2015ರಲ್ಲಿ ಹಳಬರನ್ನೂ ಸೇರಿಸಿ ಇಳಿಸಿತ್ತು. ಜನ ಬೀದಿಗೆ ಬಂದರು. ಮರುವರ್ಷ ಹಳಬರನ್ನು ಬಿಡಬೇಕಾಯಿತು, 2017ರಲ್ಲಿ ಶಾಸನಸಭೆಯೇ ಕಾನೂನು ಮಾಡಿ ಹೊಸಬರ ದರವನ್ನೂ ಮೇಲೆತ್ತಿತು.

---

ಕೋರ್ಟುಹುಳು:

ಹಳೇಫೀಡರ್ ಅವರ ಮಾತಿಗೆ ಒಂದು ತೀರ್ಪು ಸೇರಿಸುತ್ತೇನೆ. ಬ್ರಿಟನ್ 2010ರ ಏಪ್ರಿಲ್‌ನಲ್ಲಿ ಸಣ್ಣ ಸೋಲಾರ್‌ಗೆ ನಿಗದಿತ ದರ ಶುರು ಮಾಡಿತು. 2011ರಲ್ಲಿ ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತೇವೆ, ಡಿಸೆಂಬರ್ 12ರಿಂದ ಸೇರಿದವರಿಗೆಲ್ಲ ಅನ್ವಯ ಅಂದರು. ತಮಾಷೆ ಏನೆಂದರೆ, ಈ ಬಗ್ಗೆ ಜನರ ಅಭಿಪ್ರಾಯ ಕೇಳುವ ಗಡುವು ಮುಗಿಯುವುದೇ ಡಿಸೆಂಬರ್ 23ಕ್ಕೆ! ಕೋರ್ಟು ಇದನ್ನು ಕಾನೂನಿಗೆ ವಿರುದ್ಧ ಅಂದಿತು. 2012ರ ಜನವರಿಯಲ್ಲಿ ಮೇಲ್ಮನವಿಯಲ್ಲೂ ಸರ್ಕಾರ ಸೋತಿತು. ದರ ಇಳಿಸಬಾರದು ಅಂತ ಕೋರ್ಟು ಹೇಳಲಿಲ್ಲ, ಗಮನಿಸಿ. ಆಗಲೇ ಸೇರಿದವರ ದರವನ್ನು ಹಿಂದಿನಿಂದ ಬದಲಿಸುವ ಅಧಿಕಾರ ನಿಮಗೆ ಆ ಕಾನೂನು ಕೊಟ್ಟಿಲ್ಲ ಅಂದಿತು.

ಆದ್ದರಿಂದ ಮಾಳಿಗೆಬಿಸಿಲು ಅವರೇ, ನಿಮ್ಮ ಒಪ್ಪಂದದಲ್ಲಿ ದರದ ಕಲಮು ಹುಡುಕಿ. ಅಂಕಿ ಬರೆದಿದೆಯೋ, ಬರೀ ಮಾತು ಬರೆದಿದೆಯೋ ನೋಡಿ.

---

ಮಾಳಿಗೆಬಿಸಿಲು:

ಬೀರುವಿನಿಂದ ಒಪ್ಪಂದ ತೆಗೆದೆ. ಎರಡು ವರ್ಷದಲ್ಲಿ ಮೊದಲ ಸಲ ಪೂರ್ತಿ ಓದಿದ್ದು. ಅವಧಿ 25 ವರ್ಷ ಅಂತ ಅಂಕಿಯಲ್ಲಿ ಬರೆದಿದ್ದಾರೆ. ದರದ ಜಾಗದಲ್ಲಿ "ಆಯೋಗವು ಕಾಲಕಾಲಕ್ಕೆ ನಿಗದಿಪಡಿಸುವಂತೆ" ಅಂತಿದೆ.

ಮೂರನೇ ಒಂದು ಪಾಲು ಅಂತ ಬೈಯುತ್ತಿದ್ದೆ. ಅದೂ ಗಟ್ಟಿ ಅಲ್ಲ ಅಂತ ಈಗ ಗೊತ್ತಾಯಿತು.

---

ಹಳೇಫೀಡರ್:

ಆ "ಕಾಲಕಾಲಕ್ಕೆ" ಇರುವ ಒಪ್ಪಂದಗಳನ್ನು ನಾನೇ ನೂರಾರು ಕೈ ದಾಟಿಸಿದ್ದೇನೆ. ಯಾರೂ ಅದರ ಮೇಲೆ ಬೆರಳಿಟ್ಟು ಕೇಳಲಿಲ್ಲ, ನಾನಾಗಿ ಹೇಳಲೂ ಇಲ್ಲ.

ದರ ಬದಲಿಸುವ ಮೊದಲು ಆಯೋಗ ಸಾಮಾನ್ಯವಾಗಿ ಸಾರ್ವಜನಿಕ ವಿಚಾರಣೆ ಇಡುತ್ತದೆ. ಕಂಪನಿಯ ಕಡೆಯಿಂದ ಐದಾರು ಜನ ಕಾಗದ ಹಿಡಿದು ಬಂದಿರುತ್ತಾರೆ. ನಾನೂ ಹೀಗೆ ಹೋಗಿ ಕೂತಿದ್ದೇನೆ. ಎದುರಿನ ಕುರ್ಚಿಗಳು ಬಹುತೇಕ ಖಾಲಿ. ಒಂದು ಸಲ ಮಾತ್ರ ಒಬ್ಬ ಅಜ್ಜಿ ಬಂದು, ತನ್ನ ಹನ್ನೆರಡು ತಿಂಗಳ ಬಿಲ್ಲನ್ನು ಮೇಜಿನ ಮೇಲೆ ಸಾಲಾಗಿ ಹರಡಿ, ಒಂದೊಂದನ್ನೇ ಓದಿಸಿದರು. ಅವತ್ತು ನಮ್ಮ ಪ್ರಸ್ತಾವ ಹಾಗೇ ಒಪ್ಪಿಗೆಯಾಗಲಿಲ್ಲ. ಹಳಬರನ್ನು ಬಿಟ್ಟು ಹೊಸಬರಿಗೆ ಅಂತ ತಿದ್ದಿದರು.

ಮುಂದಿನ ದಿನಾಂಕ ಯಾವಾಗ ಅಂತ ನೋಡಿಟ್ಟುಕೊಳ್ಳಿ. ಇನ್ವರ್ಟರ್‌ನ ವೋಲ್ಟೇಜ್ ದಾಖಲೆಯನ್ನೂ ತೆಗೆದುಕೊಂಡು ಹೋಗಿ. ಬಾಡಿಗೆಮನೆಯವರನ್ನೂ ಕರೆದುಕೊಂಡು ಹೋಗಿ, ಅವರ ಬಿಲ್ಲೂ ಬೇಕಾಗುತ್ತದೆ.

---

ಬಾಡಿಗೆಮನೆಯವ:

ಬರುತ್ತೇನೆ. ಆದರೆ ಬೇರೆ ಸಾಲಿನಲ್ಲಿ ಕೂರುತ್ತೇನೆ.